ಎಕೋ ರಿಪೋರ್ಟಿನಲ್ಲಿ ‘ಇಎಫ್ 65%’ ಅಂದರೆ ಮಗುವಿನ ಹೃದಯ 35 ಭಾಗ ಕೆಟ್ಟಿದೆ ಅಂತಲೇ?

ಪಟ್ಟದಕಲ್ಲಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಬಳಗದ ವಾಟ್ಸಾಪ್ ಗ್ರೂಪಿಗೆ ಕಳೆದ ವರ್ಷ ಒಂದು ಫೋಟೋ ಬಂತು. ಏಳು ತಿಂಗಳ ಕೂಸಿನ ಹೃದಯದ ಎಕೋ ರಿಪೋರ್ಟ್. ಅದರಲ್ಲಿ ಯಾರೋ ಒಂದೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು: ‘ಎಲ್‌ವಿ ಇಎಫ್ 65%’.

ಐದು ನಿಮಿಷದಲ್ಲಿ ಎರಡು ತೀರ್ಪು ಬಂದವು. “ಅರವತ್ತೈದ ಐತಿ ಅಂದ್ರ ಮೂವತ್ತೈದ ಹೋತಲ್ಲೋ” ಎಂದು ದೊಡ್ಡಪ್ಪ ವಾಯ್ಸ್ ಮೆಸೇಜ್ ಹಾಕಿದರು. “ಫಸ್ಟ್ ಕ್ಲಾಸ್ ಪಾಸ್ ಆಗೇತಿ, ಆಪರೇಶನ್ ಯಾಕ ಬೇಕು? ರೊಕ್ಕಾ ಕೀಳಾಕ ಹೇಳ್ತಾರ” ಎಂದು ಸೋದರತ್ತೆಯ ಮಗ ಬರೆದ. ಅದರ ಬೆನ್ನಿಗೇ ಒಂದು ಫಾರ್ವರ್ಡ್ ಬಂದು ಕೂತಿತು: ಮಕ್ಕಳ ಎದೆಗೆ ಪದೇ ಪದೇ ಸ್ಕ್ಯಾನ್ ಮಾಡಿಸಬೇಡಿ, ಕಿರಣ ತಾಗಿ ಹೃದಯ ಬಲಹೀನವಾಗುತ್ತದೆ, ಹತ್ತು ಜನಕ್ಕೆ ಕಳಿಸಿ.

ಮೂರೂ ತಪ್ಪು. ಮೂರರಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಎರಡನೆಯದು. ಏಕೆಂದರೆ ಅದೇ ಹಾಳೆಯಲ್ಲಿ, ಕೆಂಪು ಗೆರೆಗಿಂತ ಮೂರು ಸಾಲು ಕೆಳಗೆ, ‘ಲಾರ್ಜ್ ವಿಎಸ್‌ಡಿ, 7 ಮಿ.ಮೀ., ಸಿವಿಯರ್ ಪಿಎಎಚ್’ ಎಂದು ಇತ್ತು. ಅದನ್ನು ಗ್ರೂಪಿನಲ್ಲಿ ಯಾರೂ ಓದಿರಲಿಲ್ಲ. ಮನೆಯವರ ಒಪ್ಪಿಗೆಯಿಂದ, ಗುರುತು ಬಿಟ್ಟು, ಆ ಹಾಳೆಯನ್ನು ಇಲ್ಲಿ ಸಾಲು ಸಾಲಾಗಿ ಓದೋಣ.

ಕಲ್ಲು ತಟ್ಟಿ ನೋಡುವ ವಿದ್ಯೆ

ಮೊದಲು ಕಿರಣದ ಮಾತು. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನಾದ ಕೇಳುವುದು ನಮ್ಮ ಶಿಲ್ಪಿಗಳ ಹಳೆಯ ಪದ್ಧತಿ. ಗಂಡುಶಿಲೆ, ಹೆಣ್ಣುಶಿಲೆ ಎಂದು ಶಿಲ್ಪಶಾಸ್ತ್ರ ವಿಂಗಡಿಸುವುದರಲ್ಲೂ ನಾದಕ್ಕೆ ಪಾತ್ರವಿದೆ. ಒಳಗೆ ಬಿರುಕಿದ್ದರೆ ಸದ್ದು ಬೇರೆಯಾಗಿ ಬರುತ್ತದೆ, ಕಲ್ಲು ಒಡೆದು ನೋಡಬೇಕಿಲ್ಲ. 20ನೇ ಶತಮಾನದ ಕಾರ್ಖಾನೆಗಳು ಇದನ್ನೇ ಲೋಹದ ಮೇಲೆ, ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದದಿಂದ ಮಾಡತೊಡಗಿದವು. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇಬ್ಬರೂ ಸೇರಿ, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕಲು ಇಟ್ಟಿದ್ದಂಥ ಯಂತ್ರವನ್ನು ಮನುಷ್ಯನ ಎದೆಗೆ ಹಿಡಿದರು. ಮಿಡಿಯುವ ಹೃದಯದಿಂದ ಪ್ರತಿಧ್ವನಿ ವಾಪಸು ಬಂತು. ಎಕೋಕಾರ್ಡಿಯೋಗ್ರಫಿ ಶುರುವಾದದ್ದು ಹೀಗೆ. ನಮ್ಮಲ್ಲಿ ಅದನ್ನೇ ಎಕೋ ಅಥವಾ ಟೂಡಿ ಎಕೋ ಎನ್ನುತ್ತೇವೆ.

ಅಂದರೆ ಎದೆಯ ಒಳಗೆ ಹೋಗುವುದು ಶಬ್ದ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳಿಸುತ್ತದೆ. ಪುಟ್ಟ ಮಕ್ಕಳಿಗೆ ಬಳಸುವ ಪ್ರೋಬ್ ಸೆಕೆಂಡಿಗೆ ಸುಮಾರು 50 ಲಕ್ಷದಿಂದ 1.2 ಕೋಟಿ ಕಂಪನದ ಶಬ್ದ ಹೊರಡಿಸುತ್ತದೆ. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಓಡಿ, ಹೃದಯದ ಗೋಡೆ, ಕವಾಟಗಳಿಗೆ ಬಡಿದು ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಸಮಯದ ಲೆಕ್ಕದಿಂದ ಚಿತ್ರ ಮೂಡುತ್ತದೆ. ಬಸುರಿ ಸ್ಕ್ಯಾನಿಂಗ್ ಕೂಡ ಇದೇ ಜಾತಿಯದು. ವಿಕಿರಣ ಇರುವುದು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಆಂಜಿಯೋಗ್ರಾಂಗಳಲ್ಲಿ. ಫಾರ್ವರ್ಡ್ ಬರೆದವರು ಎಲ್ಲ ಯಂತ್ರಗಳನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದಾರೆ. ಆರು ತಿಂಗಳಿಗೊಮ್ಮೆ ಎಕೋ ಮಾಡಿಸಿದರೂ ಮಗುವಿಗೆ ಎಕ್ಸ್‌ರೇ ಕಿರಣದ ಒಂದು ಹನಿಯೂ ಬೀಳುವುದಿಲ್ಲ.

ಜಾಗ್ರತೆ ಬೇಕಾದದ್ದು ಬೇರೆ ಕಡೆ. ಅಳುವ, ಒದೆಯುವ ಮಗುವಿಗೆ ಕೆಲವೊಮ್ಮೆ ನಿದ್ದೆ ಬರುವ ಸಿರಪ್ ಕೊಡುತ್ತಾರೆ. ಅದನ್ನು ಆಸ್ಪತ್ರೆಯಲ್ಲೇ, ಅವರು ಹೇಳಿದಷ್ಟೇ ಕೊಡಬೇಕು. ಮನೆಯಿಂದ ಕುಡಿಸಿಕೊಂಡು ಬಸ್ಸು ಹತ್ತಬಾರದು. ಸಿರಪ್ ಬೇಕಿಲ್ಲದಿದ್ದರೆ ಉಪವಾಸವೂ ಬೇಕಿಲ್ಲ. ತಾಯಿ ಎದೆಗೆ ಹಾಕಿಕೊಂಡು ಹಾಲು ಕುಡಿಸುತ್ತಿರುವಾಗಲೇ ಎಕೋ ಮುಗಿಸುವ ವೈದ್ಯರಿದ್ದಾರೆ. ಇನ್ನು ಇಸಿಜಿ ಆಗಿದೆ, ಎಕೋ ಯಾಕೆ ಎಂದು ಕೇಳುವವರಿಗೆ: ಇಸಿಜಿ ಹೃದಯದ ಕರೆಂಟನ್ನು ಬರೆದಿಡುತ್ತದೆ, ಎಕೋ ಅದರ ಗೋಡೆ, ಬಾಗಿಲು, ಹರಿವನ್ನು ತೋರಿಸುತ್ತದೆ. ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

65 ಅಂದರೆ ಮಾರ್ಕ್ಸ್ ಅಲ್ಲ

ಇಎಫ್ ಎಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಹೃದಯದ ಎಡ ಕೆಳಕೋಣೆ ರಕ್ತದಿಂದ ತುಂಬುತ್ತದೆ, ಹಿಂಡಿಕೊಳ್ಳುತ್ತದೆ, ಒಂದು ಪಾಲು ಹೊರಗೆ ಹೋಗುತ್ತದೆ. ಹೋದ ಪಾಲು ಎಷ್ಟು ಎಂಬ ಶೇಕಡಾವಾರು ಲೆಕ್ಕ ಇದು. ಕೂಸಿನ ಎಡಕೋಣೆಯಲ್ಲಿ 20 ಮಿ.ಲೀ. ತುಂಬಿತ್ತು ಎಂದಿಟ್ಟುಕೊಳ್ಳಿ. ಹಿಂಡಿದಾಗ 13 ಮಿ.ಲೀ. ಹೊರಬಿದ್ದರೆ ಇಎಫ್ 65%. ಉಳಿದ 7 ಮಿ.ಲೀ. ಕೆಟ್ಟದ್ದಲ್ಲ, ಅದು ಒಳಗೇ ಉಳಿಯಬೇಕಾದ ರಕ್ತ. ಯಾವ ಆರೋಗ್ಯವಂತ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಮಕ್ಕಳಲ್ಲಿ ಸುಮಾರು 55ರಿಂದ 70ರವರೆಗೆ ಇದ್ದರೆ ಸಾಮಾನ್ಯ. ಆದ್ದರಿಂದ ದೊಡ್ಡಪ್ಪನ ಕಳೆಯುವ ಲೆಕ್ಕಕ್ಕೆ ಅರ್ಥವಿಲ್ಲ.

ಇನ್ನೊಂದು ವಿಷಯ. ಹೋದ ಸಲ 64 ಇತ್ತು, ಈಗ 59 ಆಗಿದೆ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟ ತಂದೆತಾಯಿಯರನ್ನು ನೋಡಿದ್ದೇನೆ. ಪರದೆಯ ಮೇಲೆ ಕೋಣೆಯ ಅಂಚನ್ನು ಗುರುತಿಸುವುದು ಮನುಷ್ಯರ ಕಣ್ಣು ಮತ್ತು ಕೈ. ಮಗು ಅತ್ತರೆ ಬಡಿತ ಏರುತ್ತದೆ, ಪ್ರೋಬ್ ಸ್ವಲ್ಪ ಓರೆಯಾದರೆ ಅಳತೆ ಬದಲಾಗುತ್ತದೆ. ಒಂದೇ ಮಗುವನ್ನು ಒಂದೇ ದಿನ ಇಬ್ಬರು ನೋಡಿದರೂ ನಾಲ್ಕೈದು ಅಂಕಿ ಆಚೀಚೆ ಬರಬಹುದು. ಮೂರು ಸಲದ ರಿಪೋರ್ಟುಗಳಲ್ಲಿ ಅಂಕಿ ಇಳಿಯುತ್ತಲೇ ಬಂದರೆ ಅದಕ್ಕೆ ಅರ್ಥವಿದೆ.

ಈಗ ಫಸ್ಟ್ ಕ್ಲಾಸ್ ಪಾಸ್ ಎಂದವನ ಮಾತಿಗೆ ಬರೋಣ. ಮಲಪ್ರಭೆಯ ದಂಡೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಮೋಟರು ಜೋರಾಗಿ ಓಡುತ್ತಿದೆ, ಹೊಳೆಯಿಂದ ನೀರು ಎತ್ತುತ್ತಿದೆ. ಆದರೆ ನಡುವೆ ಪೈಪು ಸೀಳಿದೆ, ಅರ್ಧ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತಿದೆ. ಮೋಟರಿಗೆ ಮೀಟರ್ ಹಚ್ಚಿ ನೋಡಿದರೆ ಎಲ್ಲ ಸರಿ. ನಿಮ್ಮ ಕಬ್ಬು ಒಣಗುತ್ತಿದೆ, ಪಕ್ಕದ ಹೊಲ ಕೆಸರಾಗುತ್ತಿದೆ. ಇಎಫ್ ಆ ಮೋಟರಿನ ಮೀಟರ್ ಇದ್ದಂತೆ. ಎಡಕೋಣೆಯಿಂದ ಎಷ್ಟು ಪಾಲು ಹೊರಬಿತ್ತು ಎಂದಷ್ಟೇ ಅದು ಹೇಳುತ್ತದೆ, ಎಲ್ಲಿಗೆ ಹೋಯಿತು ಎಂದು ಹೇಳುವುದಿಲ್ಲ.

ವಿಎಸ್‌ಡಿ ಎಂದರೆ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಮೈಗೆ ಹೋಗಬೇಕಾದ ರಕ್ತದ ಒಂದು ಪಾಲು ಆ ತೂತಿನಿಂದ ನುಗ್ಗಿ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ಎಡಕೋಣೆ ಹೆಚ್ಚು ತುಂಬಿಕೊಂಡು ಹೆಚ್ಚು ದುಡಿಯುವುದರಿಂದ ಇಎಫ್ ಚೆನ್ನಾಗಿಯೇ ಕಾಣುತ್ತದೆ, ಕೆಲವೊಮ್ಮೆ ಇನ್ನೂ ಮೇಲಿರುತ್ತದೆ. ಅತ್ತ ಶ್ವಾಸಕೋಶ ನೆನೆದು ಹೋಗುತ್ತದೆ. ಮಗು ನಾಲ್ಕು ಗುಟುಕು ಹಾಲು ಕುಡಿದು ನಿಲ್ಲಿಸುತ್ತದೆ, ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ. ಪದೇ ಪದೇ ಕಫ, ನ್ಯುಮೋನಿಯಾ. ತೂಕ ಏರುವುದಿಲ್ಲ. ನಮ್ಮ ಈ ಕೂಸು ಏಳು ತಿಂಗಳಿಗೆ ಐದು ಕಿಲೋ ಇತ್ತು. ದೃಷ್ಟಿಯಾಗಿದೆ, ಬಾಲಗ್ರಹ ಎಂದು ಎರಡು ತಿಂಗಳು ಕಳೆದಿತ್ತು. ಅಜ್ಜಿಯನ್ನು ದೂರುವ ಮಾತಲ್ಲ ಇದು. ಹಾಲು ಕುಡಿಯುವಾಗ ಹಣೆ ಬೆವರುವುದನ್ನು ಮೊದಲು ಗಮನಿಸಿದ್ದೂ ಅದೇ ಅಜ್ಜಿ.

ದೊಡ್ಡ ತೂತಿನ ಅಪಾಯಕ್ಕೆ ಗಡಿಯಾರ ಕಟ್ಟಿದೆ. ಹೆಚ್ಚಿನ ಒತ್ತಡದ ರಕ್ತ ತಿಂಗಳುಗಟ್ಟಲೆ ನುಗ್ಗಿದರೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ದಪ್ಪಗಟ್ಟುತ್ತವೆ. ರಿಪೋರ್ಟಿನ ‘ಪಿಎಎಚ್’, ಅಂದರೆ ಶ್ವಾಸಕೋಶದ ರಕ್ತದೊತ್ತಡ, ಇದರ ಸೂಚನೆ. ವರ್ಷಗಳು ಕಳೆದಂತೆ ಅದು ವಾಪಸಾಗದ ಹಂತ ಮುಟ್ಟುತ್ತದೆ. ಆಗ ರಕ್ತ ತಿರುಗಿ ಹರಿಯತೊಡಗುತ್ತದೆ, ತುಟಿ ನೀಲಿಯಾಗುತ್ತದೆ. ಐಸೆನ್‌ಮೆಂಗರ್ ಎಂಬ ಆ ಹಂತದಲ್ಲಿ ತೂತು ಮುಚ್ಚುವ ಆಪರೇಶನ್ ಮಾಡಲು ಬರುವುದಿಲ್ಲ. ಅದಕ್ಕಾಗಿಯೇ ದೊಡ್ಡ ವಿಎಸ್‌ಡಿಯನ್ನು ಮೊದಲ ವರ್ಷದೊಳಗೆ, ಹಲವು ಸಲ ಆರು ತಿಂಗಳ ಆಸುಪಾಸಿನಲ್ಲೇ ಮುಚ್ಚುತ್ತಾರೆ. ಮಗು ದೊಡ್ಡದಾಗಿ ಗಟ್ಟಿಯಾಗಲಿ, ಆಮೇಲೆ ನೋಡೋಣ ಎಂಬ ಮಾತು ಇಲ್ಲಿ ತಿರುಗುಬಾಣ.

ತೂತು ತಾನೇ ಮುಚ್ಚಿಕೊಳ್ಳುತ್ತದೆ ಎಂಬ ಫಾರ್ವರ್ಡ್ ನೀವೂ ನೋಡಿರುತ್ತೀರಿ. ಅದು ಅರ್ಧ ನಿಜ. ಗೋಡೆಯ ಸ್ನಾಯು ಭಾಗದಲ್ಲಿರುವ ಸಣ್ಣ ತೂತುಗಳು ಬಹಳಷ್ಟು ಸಲ ಮೊದಲ ಒಂದೆರಡು ವರ್ಷಗಳಲ್ಲಿ ತಾವೇ ಮುಚ್ಚುತ್ತವೆ. ಅಂಥ ಮಗುವಿನ ತಾಯಿಗೆ ಆ ಮಾತು ಸಮಾಧಾನ. ದೊಡ್ಡ ತೂತಿನ ಮಗುವಿನ ಮನೆಗೆ ಅದೇ ಮಾತು ಹೋದರೆ ಆರು ತಿಂಗಳು ನುಂಗುತ್ತದೆ. ಯಾವುದು ಯಾವ ಜಾತಿ ಎಂದು ಹೇಳುವುದೇ ಎಕೋದ ಕೆಲಸ.

ಕೆಂಪು, ನೀಲಿ ಮತ್ತು ಸದ್ದು ಮಾಡದ ತೂತು

ರಿಪೋರ್ಟಿನ ಜೊತೆ ಕೆಂಪು, ನೀಲಿ ಬಣ್ಣದ ಚಿತ್ರ ಕೊಡುತ್ತಾರೆ. ಕೆಂಪು ಒಳ್ಳೆ ರಕ್ತ, ನೀಲಿ ಕೆಟ್ಟ ರಕ್ತ ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಶಾಲೆಯ ಪುಸ್ತಕದ ಚಿತ್ರದಲ್ಲಿ ಹಾಗೆ ಬರೆಯುತ್ತಾರಲ್ಲ, ಅದರ ನೆನಪು. ಎಕೋದಲ್ಲಿ ಬಣ್ಣಕ್ಕೆ ಆ ಅರ್ಥವೇ ಇಲ್ಲ. ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪು, ಅದರಿಂದ ದೂರ ಹೋಗುವ ರಕ್ತ ನೀಲಿ. ಪ್ರೋಬನ್ನು ಎದೆಯ ಇನ್ನೊಂದು ಕಡೆ ಇಟ್ಟರೆ ಅದೇ ರಕ್ತ ಬಣ್ಣ ಬದಲಿಸಬಹುದು. ಹಸಿರು, ಹಳದಿ ಕಲಸಿದಂತೆ ಕಂಡರೆ ಅಲ್ಲಿ ಹರಿವು ಸುಳಿಗಟ್ಟಿದೆ ಎಂದರ್ಥ. ಹತ್ತಿರ ಬರುವ ಬಸ್ಸಿನ ಹಾರ್ನ್ ಚೂಪಾಗಿ, ದೂರ ಹೋಗುವಾಗ ಮಂದವಾಗಿ ಕೇಳುವುದಕ್ಕೆ ಕಾರಣವಾದ, 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ.

ಡಾಪ್ಲರ್‌ನಿಂದ ರಕ್ತದ ವೇಗ ಸಿಗುತ್ತದೆ. ವೇಗದಿಂದ ಒತ್ತಡದ ಅಂದಾಜು ಸಿಗುತ್ತದೆ, ಸೂಜಿ ಚುಚ್ಚದೆ. ಲೆಕ್ಕ ಹತ್ತನೇ ಕ್ಲಾಸಿನ ಮಕ್ಕಳೂ ಮಾಡಬಹುದಾದಷ್ಟು ಸರಳ: ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ತೂತಿನ ಮೂಲಕ ರಕ್ತ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಚಿಮ್ಮುತ್ತಿದ್ದರೆ ಎರಡು ಕೋಣೆಗಳ ನಡುವಿನ ಒತ್ತಡದ ಅಂತರ 64. ಎಡಕೋಣೆಯಲ್ಲಿ 85 ಇದ್ದರೆ ಬಲಕೋಣೆಯಲ್ಲಿ ಸುಮಾರು 21, ಅಂದರೆ ಶ್ವಾಸಕೋಶ ಕ್ಷೇಮ. ವೇಗ ಬರೀ 2 ಮೀಟರ್ ಇದ್ದರೆ? ಅಂತರ 16, ಬಲಕೋಣೆಯ ಒತ್ತಡ 69. ಕಾಯಿಲೆ ಇಲ್ಲದ ಮಗುವಿಗೆ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇದು ನಮ್ಮ ಸಾಮಾನ್ಯ ಬುದ್ಧಿಗೆ ಉಲ್ಟಾ. ಜೋರಾಗಿ ಚಿಮ್ಮುವ, ಸ್ಟೆತಸ್ಕೋಪಿನಲ್ಲಿ ದೊಡ್ಡ ಸದ್ದು ಮಾಡುವ ತೂತು ಸಾಮಾನ್ಯವಾಗಿ ಸಣ್ಣದು. ಇಕ್ಕಟ್ಟಿನಲ್ಲಿ ಹೊಳೆ ಭೋರ್ಗರೆಯುತ್ತದೆ, ಅಗಲವಾದಲ್ಲಿ ಮೆಲ್ಲಗೆ ಹರಿಯುತ್ತದೆ. ಹಾಗಾಗಿ ಮೊದಲು ಎದೆಯಲ್ಲಿ ಸದ್ದಿತ್ತು, ಈಗ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನೆಮ್ಮದಿಯಾಗಬೇಡಿ. ತೂತು ಮುಚ್ಚಿದ್ದರಿಂದಲೂ ಸದ್ದು ಹೋಗಬಹುದು, ಶ್ವಾಸಕೋಶದ ಒತ್ತಡ ಏರಿದ್ದರಿಂದಲೂ ಹೋಗಬಹುದು. ಎಕೋ ಮಾತ್ರ ಬಿಡಿಸಿ ಹೇಳುತ್ತದೆ.

7 ಮಿ.ಮೀ. ದೊಡ್ಡದೇ?

ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟಕ್ಕೆ ಆಪರೇಶನ್ ಯಾಕೆ ಎಂದು ಒಬ್ಬರು ಕೇಳಿದರು. ಹುಟ್ಟಿದ ಮಗುವಿನ ಹೃದಯದಿಂದ ಮೈಗೆ ರಕ್ತ ಹೋಗುವ ಮುಖ್ಯ ಕವಾಟದ ಬಾಯಿಯೇ ಸುಮಾರು 7 ಮಿ.ಮೀ. ಅಗಲ. ಪಡಸಾಲೆಯ ಬಾಗಿಲಷ್ಟೇ ದೊಡ್ಡ ತೂತು ಪಕ್ಕದ ಗೋಡೆಯಲ್ಲಿದ್ದಂತೆ. ಇದೇ ತೂತು ಆರಡಿ ಗಂಡಸಿನಲ್ಲಿದ್ದರೆ ಲೆಕ್ಕ ಬೇರೆ.

ಮಕ್ಕಳ ಎಕೋದಲ್ಲಿ ‘ಝಡ್ ಸ್ಕೋರ್’ ಎಂಬ ಪದ ಕಾಣುವುದು ಇದೇ ಕಾರಣಕ್ಕೆ. ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ಹಸಿರು, ಹಳದಿ ಪಟ್ಟಿಗಳ ಬೆಳವಣಿಗೆ ಚಾರ್ಟಿನಲ್ಲಿ ಗುರುತು ಮಾಡುತ್ತಾರಲ್ಲ, ಅದೇ ಉಪಾಯ. ಇದೇ ಮೈಗಾತ್ರದ ಆರೋಗ್ಯವಂತ ಮಕ್ಕಳಿಗೆ ಹೋಲಿಸಿದರೆ ಈ ಕವಾಟ, ಈ ಕೋಣೆ ಎಷ್ಟು ಆಚೀಚೆ ಇದೆ ಎಂದು ಅದು ಹೇಳುತ್ತದೆ. ಸೊನ್ನೆ ಎಂದರೆ ಸರಾಸರಿ, ಮೈನಸ್ 2ರಿಂದ ಪ್ಲಸ್ 2ರೊಳಗೆ ಇದ್ದರೆ ಸಾಮಾನ್ಯ. ಝಡ್ ಸ್ಕೋರ್ ಸೊನ್ನೆ ಎಂದು ನೋಡಿ ಮಗು ಫೇಲ್ ಎಂದು ಅತ್ತವರೂ ಇದ್ದಾರಂತೆ. ಈ ಲೆಕ್ಕಕ್ಕೆ ಮಗುವಿನ ತೂಕ, ಎತ್ತರ ಬೇಕು. ಎಕೋಗೆ ಮುಂಚೆ ಅಳೆಯದಿದ್ದರೆ ನೀವೇ ಕೇಳಿ ಅಳೆಸಿ.

ಇಎಫ್ ಮುಖ್ಯವಾಗುವ ಮಕ್ಕಳು ಬೇರೆ ಇದ್ದಾರೆ. ವೈರಸ್ ಸೋಂಕಿನಿಂದ ಹೃದಯದ ಸ್ನಾಯು ಉರಿಗೊಂಡವರು, ಸ್ನಾಯುವೇ ತೆಳುವಾಗಿ ಹಿಗ್ಗಿದವರು, ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುತ್ತಿರುವವರು. ಅವರಲ್ಲಿ 60 ಇದ್ದದ್ದು 40ಕ್ಕೆ ಇಳಿದರೆ ಅದು ಗಂಭೀರ. ಇಎಫ್ ಇಳಿಯುವ ಮೊದಲೇ ಸ್ನಾಯುವಿನ ದಣಿವನ್ನು ಹಿಡಿಯಲು ಈಗ ‘ಸ್ಟ್ರೈನ್’ ಎಂಬ ಅಳತೆ ಇದೆ. ಅದು ಮೈನಸ್ 20ರ ಆಸುಪಾಸಿನಲ್ಲಿರುತ್ತದೆ. ಮೈನಸ್ ಕಂಡು ಗಾಬರಿ ಬೇಡ, ಸ್ನಾಯು ಕುಗ್ಗುವುದನ್ನು ಹಾಗೆ ಬರೆಯುತ್ತಾರೆ. ಫ್ಯಾಲೋ ಕಾಯಿಲೆಗೆ ಆಪರೇಶನ್ ಆದ ಮಕ್ಕಳಲ್ಲಿ ವರ್ಷಗಳ ನಂತರ ದಣಿಯುವುದು ಬಲಕೋಣೆ. ಎಡದ ಇಎಫ್ 65 ಇದ್ದರೂ ಅವರು ಬಲಕೋಣೆಯ ಅಳತೆಗಾಗಿ ತಪಾಸಣೆಗೆ ಹೋಗುತ್ತಲೇ ಇರಬೇಕು.

ಗಂಟಲು ನೋವಿನಿಂದ ಕವಾಟದವರೆಗೆ

ಹುಟ್ಟಿನಿಂದ ಬಾರದ ಹೃದಯರೋಗವೂ ಇದೆ. ಒಂದು ಬಗೆಯ ಗಂಟಲು ಸೋಂಕಿಗೆ ಸರಿಯಾದ ಔಷಧಿ ಬೀಳದಿದ್ದರೆ ಕೆಲವು ಮಕ್ಕಳಿಗೆ ಕೀಲುನೋವು, ಜ್ವರ ಬಂದು, ಕೊನೆಗೆ ಹೃದಯದ ಕವಾಟ ಕೆಡುತ್ತದೆ. ಇದು ರುಮ್ಯಾಟಿಕ್ ಹೃದಯರೋಗ. ಇದರ ಆರಂಭ ಸ್ಟೆತಸ್ಕೋಪಿಗೆ ಕೇಳುವುದಿಲ್ಲ. ಕಾಂಬೋಡಿಯಾ ಮತ್ತು ಮೊಜಾಂಬಿಕ್ ಶಾಲೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರು ಕಿವಿಗೊಟ್ಟು ಹಿಡಿದದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಎಕೋ ಈ ರೋಗವನ್ನು ತೋರಿಸಿತು. ಹಿಡಿದು ಏನು ಪ್ರಯೋಜನ ಎಂಬ ಪ್ರಶ್ನೆಗೆ ಉಗಾಂಡಾದಲ್ಲಿ ಉತ್ತರ ಸಿಕ್ಕಿತು. ಎಕೋದಲ್ಲಿ ಮಾತ್ರ ಕಾಣುವ ಆರಂಭದ ರೋಗವಿದ್ದ 818 ಮಕ್ಕಳಲ್ಲಿ, ಎರಡು ವರ್ಷ ತಿಂಗಳ ಪೆನಿಸಿಲಿನ್ ಇಂಜೆಕ್ಷನ್ ಪಡೆದವರಲ್ಲಿ ರೋಗ ಮುಂದುವರಿದದ್ದು 0.8% ಮಂದಿಯಲ್ಲಿ, ಪಡೆಯದವರಲ್ಲಿ 8.2% ಮಂದಿಯಲ್ಲಿ. ‘ಇಂಜೆಕ್ಷನ್ ಎಷ್ಟು ದಿನ ಚುಚ್ಚಿಸೂದು, ಬಿಟ್ಟಬಿಡು’ ಎನ್ನುವ ಮನೆಗಳಿಗೆ ಈ ಎರಡು ಅಂಕಿಗಳನ್ನು ಫಾರ್ವರ್ಡ್ ಮಾಡಬಹುದು.

ತಾಯಿಯ ತಪ್ಪೇ?

ಸಾವಿರ ಹೆರಿಗೆಯಲ್ಲಿ ಸುಮಾರು ಎಂಟರಿಂದ ಹತ್ತು ಮಕ್ಕಳು ಹೃದಯದ ಒಂದಲ್ಲ ಒಂದು ದೋಷದೊಂದಿಗೆ ಹುಟ್ಟುತ್ತವೆ. ಹೆಚ್ಚಿನವಕ್ಕೆ ಕಾರಣ ಗೊತ್ತಾಗುವುದಿಲ್ಲ. ಗ್ರಹಣ ಕಾರಣವಲ್ಲ, ಬಸುರಿಯಲ್ಲಿ ಪಪ್ಪಾಯಿ ತಿಂದದ್ದೂ ಅಲ್ಲ. ನಮ್ಮ ಕಡೆ ಒಪ್ಪಿಕೊಳ್ಳಲು ಕಷ್ಟವಾದ ಒಂದು ಕಾರಣ ಮಾತ್ರ ಇದೆ: ಸೋದರಮಾವ, ಅತ್ತೆಮಗನ ಜೊತೆಗಿನ ರಕ್ತಸಂಬಂಧದ ಮದುವೆ. ಅದರಿಂದ ಜನ್ಮಜಾತ ಹೃದ್ರೋಗದ ಸಾಧ್ಯತೆ ಹೆಚ್ಚುತ್ತದೆ ಎಂದು ಮೈಸೂರಿನ ಸಂಶೋಧಕರು 2006ರಲ್ಲೇ ಪ್ರಕಟಿಸಿದ್ದಾರೆ. ಅಂಥ ಮದುವೆಯ ಬಸುರಿಯರು, ಮೊದಲ ಮಗುವಿಗೆ ಹೃದಯದ ತೊಂದರೆ ಇದ್ದವರು, ಐದನೇ ತಿಂಗಳ ಆಸುಪಾಸಿನಲ್ಲಿ ಭ್ರೂಣದ ಎಕೋ ಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಈಗ ದಾರಿಯ ಮಾತು. ಪಟ್ಟದಕಲ್ಲಿನಿಂದ ಬಾದಾಮಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಬಾಗಲಕೋಟೆ. ಎಕೋ ಯಂತ್ರ ಈಗ ಜಿಲ್ಲೆಯಲ್ಲೇ ಸಿಗುತ್ತದೆ. ಸಿಗುವುದು ಕಷ್ಟವಾದದ್ದು ಮಕ್ಕಳ ಹೃದಯವನ್ನೇ ದಿನವೂ ನೋಡುವ ಕಣ್ಣು. ಅದಕ್ಕೆ ಬೆಳಗಾವಿ, ಧಾರವಾಡ, ಬೆಂಗಳೂರು ಎಂದು ಅಲೆಯಬೇಕಾಗುತ್ತದೆ. ಒಂದು ಕೊಂಡಿ ಊರಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕು. ಹೃದಯದ ದೋಷ ಅವರ ಪಟ್ಟಿಯಲ್ಲೇ ಇದೆ, ಮುಂದಿನ ಚಿಕಿತ್ಸೆಗೆ ಕಳಿಸುವುದು ಅವರ ಕೆಲಸ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಮಕ್ಕಳ ಹೃದಯದ ಆಪರೇಶನ್ ಸೇರಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಕಾಗದ ಬೇಕು ಎಂದು ಹೇಳುತ್ತಾರೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ, ಮೊಬೈಲಿನ ಫೋಟೋ ಅಲ್ಲ, ಹಾಳೆಯನ್ನೇ. ವೈದ್ಯರನ್ನು ಇಎಫ್ ಎಷ್ಟು ಎಂದು ಕೇಳುವ ಮೊದಲು ತೂತು ಯಾವ ಜಾಗದಲ್ಲಿದೆ, ಶ್ವಾಸಕೋಶದ ಒತ್ತಡ ಹೇಗಿದೆ, ಎಷ್ಟು ದಿನ ಕಾಯಬಹುದು ಎಂದು ಕೇಳಿ.

ನಮ್ಮ ಕೂಸಿಗೆ ಎಂಟು ತಿಂಗಳು ತುಂಬುವ ಮೊದಲೇ ತೂತು ಮುಚ್ಚಿದರು. ಆಪರೇಶನ್ ನಂತರದ ಮೊದಲ ಎಕೋ ಫೋಟೋ ಮತ್ತೆ ಗ್ರೂಪಿಗೆ ಬಂತು: ಇಎಫ್ 54%. “ಆಪರೇಶನ್ ಮಾಡ್ಸಿ ಹನ್ನೊಂದ ಕಡಿಮಿ ಮಾಡ್ಕೊಂಡ ಬಂದ್ರಲ್ಲೋ!” ಎಂದರು ದೊಡ್ಡಪ್ಪ. ತೂತು ಮುಚ್ಚಿದ ಮೇಲೆ ಎಡಕೋಣೆಗೆ ಮೊದಲಿನಷ್ಟು ರಕ್ತ ತುಂಬುವುದಿಲ್ಲ, ಹಾಗಾಗಿ ಕೆಲವು ಕಾಲ ಅಂಕಿ ಇಳಿಯುವುದು ಸಾಮಾನ್ಯ, ಮುಂದಿನ ತಪಾಸಣೆಗಳಲ್ಲಿ ಅದನ್ನು ನೋಡುತ್ತಾರೆ ಎಂದು ನಾನು ಬರೆದೆ. ದೊಡ್ಡಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಮರುದಿನ ಅಜ್ಜಿಯ ವಾಯ್ಸ್ ಮೆಸೇಜ್ ಬಂತು: “ಹಾಲ ಕುಡ್ಯಾಕತ್ತೇತಿ. ಹಣಿ ಮುಟ್ಟಿ ನೋಡೇನಿ, ಒಣಾ ಐತಿ.”